ತೊಟ್ಟವರ ಲೆಕ್ಕ

"ಇನ್ನೊಂದು ಸಲ ಜರಡಿ ಹಿಡೀರಿ ಮೇಡಂ. ಎಲ್ಲಾದ್ರೂ ಸಿಕ್ಕೇ ಸಿಗತ್ತೆ," ಎನ್ನುತ್ತ ದೊಡ್ಡ ಡಾಕ್ಟರು ಕ್ರೀಮ್ ಬಿಸ್ಕತ್ತನ್ನು ಎರಡಾಗಿ ಬಿಡಿಸಿ, ಕ್ರೀಮ್ ಅಂಟಿದ್ದ ಹೋಳನ್ನು ನಾಲಿಗೆಯಿಂದ ನೆಕ್ಕಿದರು. ಪುಡಿಯೆಲ್ಲ ಲೆಕ್ಕದಮ್ಮನ ಕೀಬೋರ್ಡಿನ ಮೇಲೆ ಉದುರಿತು. ಸಕ್ಕರೆ ಕಾಯಿಲೆಯ ಸಂಶೋಧನಾ ಕೇಂದ್ರಕ್ಕೆ ಮುಖ್ಯಸ್ಥರಾದವರು ದಿನಕ್ಕೊಂದು ಪ್ಯಾಕೆಟ್ ಬಿಸ್ಕತ್ತು ಖಾಲಿ ಮಾಡುತ್ತಾರೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ತಿನ್ನಲಿ, ಅವರ ಹೊಟ್ಟೆ, ಅವರ ಇಷ್ಟ. ಆದರೆ ಕ್ರೀಮ್ ಅಂಟಿದ ಎಂಜಲು ಬೆರಳನ್ನೇ ಪರದೆಗೆ ಒತ್ತಿ "ಇಲ್ಲಿ ನೋಡಿ, ಇಲ್ಲಿ" ಎಂದು ತೋರಿಸಿದಾಗ ಅವಳು ಕುರ್ಚಿಯನ್ನು ಹಿಂದಕ್ಕೆ ಜರುಗಿಸಿಕೊಂಡಳು. ಗಾಜಿನ ಮೇಲೆ ಜಿಡ್ಡಿನ ಗುರುತು ಉಳಿಯಿತು.

ಲೆಕ್ಕದಮ್ಮ ಆ ಕೇಂದ್ರದಲ್ಲಿ ಸಂಖ್ಯೆಗಳನ್ನು ನೋಡಿಕೊಳ್ಳುವವಳು. ಡಾಕ್ಟರುಗಳು ಹೊಸದೇನನ್ನಾದರೂ ಕಂಡುಹಿಡಿದರೆ ಅದನ್ನು ಎಷ್ಟು ಜನರ ಮೇಲೆ ನೋಡಬೇಕು, ಅವರನ್ನು ಹೇಗೆ ಎರಡು ಗುಂಪು ಮಾಡಬೇಕು, ಕಂಡ ಫಲ ನಿಜದ್ದೋ ಅದೃಷ್ಟದ್ದೋ ಎಂದು ಹೇಳುವುದು ಅವಳ ಕೆಲಸ. ನಿಜ ಎಂದ ದಿನ ಅವಳು ಜಾಣೆ, ಅದೃಷ್ಟ ಎಂದ ದಿನ ಮೊಂಡಿ. ಕೂರಲು ಕೊಟ್ಟಿದ್ದು ನೆಲಮಹಡಿಯ ಕಿಟಕಿಯಿಲ್ಲದ ಕೋಣೆ. ಪಕ್ಕದಲ್ಲೇ ಕಾಲಿನ ಹುಣ್ಣು ತೊಳೆದು ಕಟ್ಟು ಹಾಕುವ ಡ್ರೆಸ್ಸಿಂಗ್ ರೂಮು. ನಡುವೆ ಸ್ಪ್ರಿಂಗ್ ಹಾಕಿದ ಬಾಗಿಲು. ತಳ್ಳಿ ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಯಾರಾದರೂ ಅಡ್ಡದಾರಿ ಎಂದು ಅದನ್ನು ತೆರೆದು ನುಗ್ಗಿದಾಗಲೆಲ್ಲ ಕೀವಿನ ವಾಸನೆಯೂ ಒಂದೆರಡು ನೊಣಗಳೂ ಈಚೆ ಬರುತ್ತಿದ್ದವು. ಇಷ್ಟು ವರ್ಷದಲ್ಲಿ ಅವಳು ಆ ಬಾಗಿಲನ್ನು ತಾನಾಗಿ ತೆರೆದವಳಲ್ಲ. ಮೂಗಿಗೆ ಬಟ್ಟೆ ಹಿಡಿದುಕೊಂಡು ಕೆಲಸ ಮಾಡುವುದು ರೂಢಿಯಾಗಿತ್ತು.

ಈಗ ಜರಡಿ ಹಿಡಿಯಬೇಕಾಗಿದ್ದು ಶೂಗಳ ಲೆಕ್ಕವನ್ನು. ಸಕ್ಕರೆ ಕಾಯಿಲೆ ಹಳತಾದವರ ಪಾದ ಮರಗಟ್ಟುತ್ತದೆ. ಕಲ್ಲು ಒತ್ತಿದರೂ ತಿಳಿಯದು. ಗುಳ್ಳೆ ಹುಣ್ಣಾಗಿ, ಹುಣ್ಣು ಕೊಳೆತು, ಕೊನೆಗೆ ಬೆರಳೋ ಪಾದವೋ ಹೋಗುತ್ತದೆ. ಅಂಥವರಿಗಾಗಿ ದೊಡ್ಡ ಡಾಕ್ಟರು ಅಟ್ಟೆಯೊಳಗೆ ಗಾಳಿಚೀಲವಿರುವ ಒಂದು ಶೂ ಮಾಡಿಸಿದ್ದರು. ಪ್ರಯೋಗಶಾಲೆಯ ನುಣುಪಾದ ನೆಲದ ಮೇಲೆ ಅದು ಸೊಗಸಾಗಿ ಕೆಲಸ ಮಾಡಿತ್ತು. ಆದರೆ ಜನ ನಡೆಯುವುದು ಪ್ರಯೋಗಶಾಲೆಯಲ್ಲಲ್ಲವಲ್ಲ. ಬೀದಿಯಲ್ಲಿ, ಅಂಗಡಿಯಲ್ಲಿ, ಮೆಟ್ಟಿಲ ಮೇಲೆ ಅದು ಪಾದ ಕಾಯುತ್ತದೆಯೇ? ಅದಕ್ಕೇ ಒಂದು ವರ್ಷ ಅರ್ಧ ಜನರಿಗೆ ಹೊಸ ಶೂ, ಇನ್ನರ್ಧಕ್ಕೆ ಸಾದಾ ಮೆತ್ತನೆ ಶೂ ಕೊಟ್ಟಿದ್ದರು. ಹೊರಗಿನಿಂದ ಎರಡೂ ಒಂದೇ ಥರ. ಹಿಮ್ಮಡಿಯ ಕೆಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಎಲೆಕ್ಟ್ರಾನಿಕ್ ಚಿಪ್ ಕೂತು, ದಿನಕ್ಕೆ ಎಷ್ಟು ಹೊತ್ತು ತೊಟ್ಟರೆಂದು ಬರೆದಿಟ್ಟುಕೊಳ್ಳುತ್ತಿತ್ತು. ಲೆಕ್ಕದಮ್ಮನ ಪಾಲಿಗೆ ಅವರೆಲ್ಲ ಕೆಂಪು ಗುಂಪು, ನೀಲಿ ಗುಂಪು, ಅಷ್ಟೆ. ಯಾವ ಬಣ್ಣ ಯಾವ ಶೂ ಎಂಬುದು ಮುಚ್ಚಿದ ಲಕೋಟೆಯಲ್ಲಿತ್ತು.

ಹೋದ ವಾರ ಆ ಲಕೋಟೆ ಒಡೆದಿದ್ದರು. ನೀಲಿಯವರಿಗೆ ಹುಣ್ಣು ಕಡಿಮೆ ಎಂದು ಅವಳು ಮೊದಲೇ ಹೇಳಿದ್ದಳು; ನೀಲಿಯೆಂದರೆ ಹೊಸ ಶೂ ಎಂದು ಎಲ್ಲರೂ ತಾವೇ ಅಂದುಕೊಂಡು, ಒಡೆಯುವುದಕ್ಕೂ ಮುಂಚೆ ಕೇಕು ಕತ್ತರಿಸಿಬಿಟ್ಟಿದ್ದರು. ಲಕೋಟೆಯೊಳಗೆ ನೋಡಿದರೆ ನೀಲಿ ಸಾದಾ ಶೂ. ಹೊಸ ಶೂ ತೊಟ್ಟವರಿಗೇ ಹೆಚ್ಚು ಹುಣ್ಣಾಗಿತ್ತು. ಬಾಯಲ್ಲಿದ್ದ ಕೇಕನ್ನು ನುಂಗುವುದೋ ಉಗಿಯುವುದೋ ತಿಳಿಯದೆ ಎಲ್ಲರೂ ಸ್ವಲ್ಪ ಹೊತ್ತು ನಿಂತರು. ಆಮೇಲೆ ನುಂಗಿದರು, ಮತ್ತೊಂದು ತುಂಡಿಗೂ ಕೈ ಚಾಚಿದರು.

ಅವತ್ತಿನಿಂದ ಶುರುವಾಗಿದ್ದು ಈ ಜರಡಿ. ಹೆಂಗಸರನ್ನು ಮಾತ್ರ ನೋಡಿ. ವಯಸ್ಸಾದವರನ್ನು ಬಿಟ್ಟು ನೋಡಿ. ತೂಕ ಕಡಿಮೆ ಇರುವವರನ್ನು ನೋಡಿ. ಎಲ್ಲಿ ನೋಡಿದರೂ ಹೊಸ ಶೂ ಸೋಲುತ್ತಿತ್ತು. ಸೋತಷ್ಟೂ ಡಾಕ್ಟರ ನಗು ಹಿಗ್ಗುತ್ತಿತ್ತು. ಆ ನಗು ನೋಡಿದರೇ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

"ತೊಡದೇ ಇದ್ದೋರನ್ನ ತೆಗೀರಿ ಮೇಡಂ," ಎಂದರು ಈಗ, ಎರಡನೇ ಬಿಸ್ಕತ್ತು ಬಿಡಿಸುತ್ತ. "ಶೂ ತಗೊಂಡು ಮೂಲೆಗೆ ಎಸೆದೋರನ್ನೆಲ್ಲ ನಾವ್ಯಾಕೆ ತಲೆ ಮೇಲೆ ಹೊತ್ಕೋಬೇಕು? ದಿನಾ ಎಂಟು ಗಂಟೆ ತೊಟ್ಟೋರು ಮಾತ್ರ ಇರ್ಲಿ."

"ಸಾರ್, ಕೊಟ್ಟವರನ್ನೆಲ್ಲ ಎಣಿಸ್ತೀವಿ, ತೊಡಲಿ ಬಿಡಲಿ ಅಂತ ಮೊದಲೇ ಒಪ್ಪಿದ್ವಲ್ಲ. ನೀವೇ ಸಹಿ ಹಾಕಿದೀರ."

"ನಾನು ದಿನಕ್ಕೆ ನೂರು ಸಹಿ ಹಾಕ್ತೀನಿ. ಒಂದು ಸಲ ಮಾಡಿ ನೋಡಿ, ಗಂಟೇನು ಹೋಗತ್ತೆ?"

ಅವಳು ಮಾಡಿದಳು. ಮಾಡಬಾರದಿತ್ತು, ಮಾಡಿದಳು. ಪರದೆಯ ಮೇಲೆ ಎರಡು ಗೆರೆ ಮೂಡಿದವು. ಸಾದಾ ಶೂಗಳ ಗೆರೆ ಮೇಲಕ್ಕೆ ಏರುತ್ತ ಹೋಯಿತು; ಹೊಸ ಶೂಗಳ ಗೆರೆ ನೆಲಕ್ಕೆ ಅಂಟಿಕೊಂಡಂತೆ ಕೊನೆಯವರೆಗೂ ಮಟ್ಟಸವಾಗಿ ಮಲಗಿತ್ತು. ಹುಣ್ಣೇ ಇಲ್ಲ. ಡಾಕ್ಟರು ಚಪ್ಪಾಳೆ ತಟ್ಟಿದರು.

"ನೋಡಿದ್ರಾ! ಶೂ ತಪ್ಪಲ್ಲ ಮೇಡಂ, ಜನ ತಪ್ಪು."

ಹುಣ್ಣಾಗಿ ಊದಿದವರ ಕಾಲು ಗಾಳಿಚೀಲದ ಶೂ ಒಳಗೆ ಹೋಗದು; ಸಾದಾ ಮೆತ್ತನೆ ಶೂವಾದರೆ ಹೇಗೋ ತೂರುತ್ತದೆ. ಹೋಗದವರು ಬಿಡುತ್ತಾರೆ. ಬಿಟ್ಟವರನ್ನು ತೆಗೆದುಹಾಕಿದ ಮೇಲೆ ಹುಣ್ಣು ಎಲ್ಲಿಂದ ಬರಬೇಕು? ದಡ್ಡ ಮಕ್ಕಳನ್ನು ಪರೀಕ್ಷೆಗೇ ಕೂರಿಸದೆ ನೂರಕ್ಕೆ ನೂರು ಪಾಸೆಂದು ಬೋರ್ಡು ಹಾಕುವ ಶಾಲೆಯ ಕೆಲಸ ಇದು. ಅವಳು ಅಷ್ಟನ್ನೂ ಬಾಯಿಬಿಟ್ಟು ಹೇಳಿದಳು.

"ಹುಣ್ಣಾಗಿ ಬಿಟ್ರು ಅಂತ ನಿಮಗೆ ಯಾರು ಹೇಳಿದ್ದು? ಆಸಕ್ತಿ ಇಲ್ಲ ಅಂತ ಅವರೇ ಬಾಯಾರೆ ಹೇಳಿದಾರೆ," ಎಂದ ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು. "ಶುಕ್ರವಾರ ಆರೋಗ್ಯ ಇಲಾಖೆಯವರು ಬರ್ತಾರೆ. ಈ ಚಿತ್ರ ಒಪ್ಪಿದ್ರೆ ಊರಿನ ಎಲ್ಲಾ ಕ್ಲಿನಿಕ್ಕಿಗೂ ನಮ್ಮ ಶೂ ಹೋಗತ್ತೆ. ನೀವೇನೂ ಮಾತಾಡ್ಬೇಡಿ. ಯಾರಾದ್ರೂ ಕೇಳಿದ್ರೆ ಹೌದು ಅಂತ ತಲೆ ಆಡ್ಸಿ, ಸಾಕು. ಮೇಲಿನ ಮಹಡೀಲಿ ಒಂದು ಕೋಣೆ ಖಾಲಿ ಆಗ್ತಾ ಇದೆ. ಎರಡು ಕಿಟಕಿ. ಈ ಗಬ್ಬಲ್ಲಿ ಎಷ್ಟು ದಿನ ಕೂತಿರ್ತೀರ?"

ಅವರು ಹೋದ ಮೇಲೆ ಅವಳು ಒದ್ದೆ ಬಟ್ಟೆ ತಂದು ಪರದೆ ಒರೆಸಿದಳು. ಜಿಡ್ಡು ಹೋಗಲಿಲ್ಲ, ಹರಡಿತು. ಎರಡು ಕಿಟಕಿ. ನಾಚಿಕೆಗೇಡೆನಿಸಿದರೂ ಮನಸ್ಸು ಆ ಕಿಟಕಿಗಳ ಕಡೆಗೇ ಓಡುತ್ತಿತ್ತು.

ಯಾಕೆಂದರೆ ಒಂದು ತಿಂಗಳಿನಿಂದ ಆ ವಾಸನೆ ಅವಳ ಜೊತೆ ಮನೆಗೂ ಬರುತ್ತಿತ್ತು. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಮೂಗಿಗೆ ಬಡಿಯುತ್ತಿತ್ತು. ಕೆಲಸದ ಬಟ್ಟೆ ಬಿಚ್ಚಿ ನೆನೆಹಾಕುತ್ತಿದ್ದಳು, ತಲೆಗೆ ಸ್ನಾನ ಮಾಡುತ್ತಿದ್ದಳು, ಸೋಪು ಬದಲಾಯಿಸಿದ್ದಳು. ಆದರೂ ಊಟಕ್ಕೆ ಕೂತಾಗ ಎಲ್ಲಿಂದಲೋ ಸಣ್ಣಗೆ ಸುಳಿಯುತ್ತಿತ್ತು. ಗಂಡನನ್ನು ಕೇಳಿದರೆ, "ನಂಗೇನೂ ಬರ್ತಿಲ್ಲಪ್ಪ," ಎನ್ನುತ್ತಿದ್ದ. ಪೇಂಟಿನ ಅಂಗಡಿಯಲ್ಲಿ ವರ್ಷಾನುಗಟ್ಟಲೆ ಕೂತು ಅವನ ಮೂಗು ಎಂದೋ ಕೈಕೊಟ್ಟಿತ್ತು. ಅವನ ಸಾಕ್ಷಿಯನ್ನು ಯಾವ ಲೆಕ್ಕಕ್ಕೂ ಹಿಡಿಯುವಂತಿರಲಿಲ್ಲ.

ಬುಧವಾರ ಸಂಜೆ ಮನೆಗೆ ಬಂದಾಗ ಮುಂದಿನ ಕೋಣೆಯಲ್ಲಿ ಮಾವ ಎಂದಿನಂತೆ ಮಂಚದ ಮೇಲೆ ಕಾಲು ಚಾಚಿ, ಹೊದಿಕೆ ಹೊದ್ದು ಕೂತಿದ್ದ. ಮಾವನೆಂದರೆ ಅವಳ ತಾಯಿಯ ತಮ್ಮ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿ, ಓದಿಸಿ, ಅವಳಿಗಾಗಿಯೇ ಮದುವೆಯನ್ನೂ ಮುಂದೂಡುತ್ತ ಕೊನೆಗೆ ಮರೆತೇಬಿಟ್ಟವನು. ಕಸುಬಿನಲ್ಲಿ ಕ್ಷೌರಿಕ. ಜೀವಮಾನವೆಲ್ಲ ನಿಂತೇ ಕೆಲಸ ಮಾಡಿದ ಕಾಲು. ಅದರ ಮೇಲೆ ಸಕ್ಕರೆ ಕಾಯಿಲೆ. ಇತ್ತೀಚೆಗೆ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದ, "ಕತ್ತರಿಗೂ ವಯಸ್ಸಾಯ್ತು" ಎಂದು ನೆಪ ಹೇಳುತ್ತಿದ್ದ. ಕೋಣೆಯ ತುಂಬ, ಅಂಗಡಿಯಲ್ಲಿ ಕ್ಷೌರವಾದ ಮೇಲೆ ಕೆನ್ನೆಗೆ ಸವರುವ ಕಲೋನಿನ ಘಾಟು.

"ಏನ್ ಮಾವ, ಮದುವೆ ಗಂಡಿನ ಥರ ಘಮಘಮ ಅಂತಿದೀಯ?"

"ಉಳಿದಿರೋದೇ ನಾಲ್ಕು ಕೂದಲು. ಅವಕ್ಕಾದ್ರೂ ಮರ್ಯಾದೆ ಬೇಡ್ವಾ ಪುಟ್ಟಿ?" ಎಂದು ಮಾವ ಬೋಳುತಲೆ ಸವರಿಕೊಂಡ. "ಅದಿರ್ಲಿ, ನಮ್ಮ ಶೂ ಕಥೆ ಏನಾಯ್ತು? ಪಾಸಾ ಫೇಲಾ?"

ಮಾವನೂ ಆ ಅಧ್ಯಯನಕ್ಕೆ ಸೇರಿದ್ದ. ಬೇಡವೆಂದರೂ ಕೇಳಿರಲಿಲ್ಲ. "ನಮ್ಮ ಹುಡುಗಿ ಲೆಕ್ಕ ಹಾಕೋ ಶೂ, ನಾನು ತೊಡದೆ ಇನ್ಯಾರು ತೊಡ್ತಾರೆ?" ಎಂದು ಮೊದಲ ದಿನವೇ ಹೋಗಿ ಹೆಸರು ಬರೆಸಿ ಬಂದಿದ್ದ. ಗಿರಾಕಿಗಳಿಗೆಲ್ಲ ಕಾಲೆತ್ತಿ ತೋರಿಸಿದ್ದ.

"ಪಾಸು ಮಾವ," ಎಂದಳು ಅವಳು. ಬಾಯಿಗೆ ಬಂದದ್ದು ಅದೇ. "ಶುಕ್ರವಾರ ಇಲಾಖೆಯವರು ಬರ್ತಾರೆ."

"ನಂಗೊತ್ತಿತ್ತು!" ಮಾವ ತೊಡೆ ತಟ್ಟಿಕೊಂಡ. "ಹೊಸದು ಯಾರಿಗೆ ಕೊಟ್ಟಿದ್ರೋ ಏನೋ, ನನ್ನದೂ ಅದೇ ಇದ್ರೆ ನಾನೂ ಪಾಸು ಮಾಡಿಸ್ದೋನೇ ಅಲ್ವಾ?"

ಆ ಸಂತೋಷ ನೋಡಲಾರದೆ ಅವಳು ಒಳಗೆ ಹೋಗಿ ಬಟ್ಟೆ ನೆನೆಹಾಕಿದಳು.

ಗುರುವಾರ ರಜೆ ಹಾಕಿದಳು. ಬೆಳಿಗ್ಗೆ ಗಂಡ ಅಂಗಡಿಗೆ ಹೋದ ಮೇಲೆ ಕೇಂದ್ರಕ್ಕೆ ಉಟ್ಟುಹೋಗುವ ಬಟ್ಟೆಗಳನ್ನೆಲ್ಲ, ಕೈಚೀಲವನ್ನೂ ಸೇರಿಸಿ, ಬಿಸಿನೀರಿಗೆ ಹಾಕಿ ಕೈ ಬೆಳ್ಳಗಾಗುವವರೆಗೂ ತಿಕ್ಕಿದಳು. ಹಿತ್ತಲ ತಂತಿಯ ಮೇಲೆ ಒಣಹಾಕಿದಳು. ತಾನೂ ಸ್ನಾನ ಮಾಡಿ, ಬೀರುವಿನ ತಳದಿಂದ ಎಂದೂ ಕೇಂದ್ರಕ್ಕೆ ಹೋಗದ ಬಟ್ಟೆ ತೆಗೆದು ಉಟ್ಟಳು. ಇನ್ನು ಬಾ ನೋಡುವಾ ಎಂದುಕೊಂಡು ಮುಂದಿನ ಕೋಣೆಗೆ ಬಂದಳು. ವಾಸನೆ ಅಲ್ಲೇ ಇತ್ತು.

ಕಲೋನಿನ ಸಿಹಿಘಾಟಿನ ಅಡಿಯಲ್ಲಿ ಅದು ದಟ್ಟವಾಗಿ ಇತ್ತು. ಮಾವ ಇನ್ನೂ ಮಲಗಿದ್ದ. ಅವಳು ಅಷ್ಟು ದಿನದಿಂದ ತನ್ನ ಮೈಯಲ್ಲಿ ಹುಡುಕುತ್ತಿದ್ದ ನಾತ ಮಂಚದ ಕೆಳತುದಿಯಿಂದ ಬರುತ್ತಿತ್ತು. ಹೊದಿಕೆಯ ಮೇಲೆ ಒಂದು ನೊಣ ಕೂತಿತ್ತು. ಅದನ್ನು ಓಡಿಸಿ ಹೊದಿಕೆ ಸರಿಸಿದಳು.

ಕಾಲುಚೀಲ ಹಸಿರು ಹಳದಿಯಾಗಿ ಬೆರಳಿಗೆ ಅಂಟಿಕೊಂಡಿತ್ತು. ತುದಿ ಒದ್ದೆ. ಅದನ್ನು ಎಳೆದರೆ ಚರ್ಮವೂ ಜೊತೆಗೆ ಬರುವಂತಿತ್ತು. ಅವಳು ಉಗುರುಬೆಚ್ಚಗಿನ ನೀರು ತಂದು ಹನಿಸುತ್ತ ಹನಿಸುತ್ತ ಬಿಡಿಸಿದಳು. ಹೆಬ್ಬೆರಳು ಕಪ್ಪಗೆ ಕಮರಿತ್ತು. ಅದರ ಬುಡದಲ್ಲಿ ಬಟ್ಟಲಿನಂಥ ಗುಳಿ, ಗುಳಿಯ ತುಂಬ ಕೀವು. ಕೀವಿನ ಮೇಲೆ ಕಲೋನಿನ ಎಣ್ಣೆಪೊರೆ ಮಿರುಗುತ್ತಿತ್ತು. ಅವಳು ಬಚ್ಚಲಿಗೆ ಓಡಿ, ಕುಡಿದ ಟೀಯನ್ನೆಲ್ಲ ಕಾರಿದಳು. ಕಾರುತ್ತಿರುವಾಗಲೇ ನಾಚಿಕೆಯಾಯಿತು. ಸಾಕಿದವನ ಕಾಲು ಅದು.

ಮರಳಿ ಬಂದಾಗ ಮಾವ ಎದ್ದು ಕೂತು ಹೊದಿಕೆ ಎಳೆದುಕೊಳ್ಳಲು ನೋಡುತ್ತಿದ್ದ.

"ಮುಟ್ಬೇಡ ಪುಟ್ಟಿ, ಗಲೀಜು."

"ಎಷ್ಟು ದಿನ ಆಯ್ತು?"

"ನೋವೇ ಇರ್ಲಿಲ್ಲ ಕಣೆ. ಒಂದಿನ ಅಂಗಡಿಯಿಂದ ಬಂದು ಶೂ ಬಿಚ್ಚಿದ್ರೆ ಕಾಲುಚೀಲ ಕೆಂಪಗಿತ್ತು. ವಾರದಲ್ಲಿ ಕಾಲು ಊದ್ಕೊಂಡು ಶೂ ಒಳಗೇ ಹೋಗ್ಲಿಲ್ಲ. ಬಿಟ್ಟೆ."

"ತಿಂಗಳಿಗೊಂದು ಸಲ ಕಾಲು ನೋಡೋಕೆ ಬರ್ತಾರಲ್ಲ, ಅವರಿಗೆ ತೋರಿಸ್ಲಿಲ್ವಾ?"

"ಬರಬೇಡಿ, ನಂಗೆ ಆಸಕ್ತಿ ಇಲ್ಲ ಅಂದ್ಬಿಟ್ಟೆ ಫೋನಲ್ಲೇ." ಮಾವ ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗನಂತೆ ನಕ್ಕ. "ಹುಣ್ಣು ಅಂತ ಬರೆಸಿದ್ರೆ ನಿನ್ನ ಶೂಗೆ ಕೆಟ್ಟ ಹೆಸರು. ಆಸಕ್ತಿ ಇಲ್ಲ ಅಂದ್ರೆ ನಂಗೆ ತಾನೆ ಕೆಟ್ಟ ಹೆಸರು? ಒಬ್ಬ ಮುದುಕ ಕಡಿಮೆ ಆದ್ರೆ ನಿನ್ನ ಲೆಕ್ಕ ಏನೂ ಮುಳುಗಲ್ಲ ಅಂದ್ಕೊಂಡೆ."

"ಅದು ನನ್ನ ಶೂ ಅಲ್ಲ ಮಾವ."

"ನೀನು ಕೆಲಸ ಮಾಡೋ ಜಾಗದ್ದು ಅಂದ್ಮೇಲೆ ನಿಂದೇ. ವಾಸನೆ ಬರ್ದೇ ಇರ್ಲಿ ಅಂತ ಕಲೋನು ಹಾಕ್ತಿದ್ದೆ. ನಿಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ."

ಅವಳು ಮಂಚದ ಅಂಚಿನಲ್ಲಿ ಕೂತಳು. ಆ ಕೇಂದ್ರವನ್ನು ಕಂಡರೆ, ಆ ಬಿಸ್ಕತ್ತನ್ನು ನೆನೆದರೆ, ಚಪ್ಪಾಳೆ ತಟ್ಟಿದ ಆ ಬೆರಳುಗಳನ್ನು ನೆನೆದರೆ ಅಸಹ್ಯ ಉಕ್ಕಿ ಬಂತು. ಅದಕ್ಕಿಂತ ಹೆಚ್ಚಾಗಿ ನಿನ್ನೆ ಆ ಮಟ್ಟಸ ಗೆರೆಯನ್ನು ಎಳೆದ ತನ್ನ ಕೈಯನ್ನು ಕಂಡರೇ ಹೇಸಿಗೆಯಾಯಿತು. ಡಾಕ್ಟರು ತನ್ನಿಂದ ಮಾಡಿಸಿದ್ದನ್ನು ಮಾವ ಪ್ರೀತಿಗೆ ಬಿದ್ದು ತಾನೇ ಮುಂಚಿತವಾಗಿ ಮಾಡಿ ಮುಗಿಸಿದ್ದ. ಕಾಲನ್ನು ಯಾರಿಗೂ ತೋರಿಸದೆ ಹೋದದ್ದರಿಂದ, ಎಲ್ಲರನ್ನೂ ಎಣಿಸಿದ್ದ ಅವಳ ಮೊದಲ ಲೆಕ್ಕದಲ್ಲೂ ಆ ಹುಣ್ಣು ಇರಲಿಲ್ಲ.

"ನಿನ್ನ ನಂಬರು ಎಷ್ಟು ಮಾವ?"

ಮಾವ ತಡವರಿಸದೆ ಹೇಳಿದ. ಅದನ್ನೂ ಗಿರಾಕಿಗಳಿಗೆ ಹೇಳಿಕೊಂಡು ತಿರುಗಿದವನಲ್ಲವೇ.

ಬಾಡಿಗೆ ಕಾರು ಮಾಡಿಕೊಂಡು ಅವನನ್ನು ಕೇಂದ್ರಕ್ಕೇ ಕರೆತಂದಳು. ಡ್ರೆಸ್ಸಿಂಗ್ ರೂಮಿಗೆ ಅವಳು ಕಾಲಿಟ್ಟಿದ್ದು ಅದೇ ಮೊದಲು. ತನ್ನ ಗೋಡೆಯ ಆಚೆ ಇಷ್ಟೊಂದು ಜನ ಸಾಲಾಗಿ ಕೂತಿರುತ್ತಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬೆಂಚಿನ ಮೇಲಿದ್ದವರಲ್ಲಿ ಮೂರು ಮಂದಿಯ ಕಟ್ಟು ಮಾವನ ಹುಣ್ಣಿದ್ದ ಜಾಗದಲ್ಲೇ ಇತ್ತು, ಹೆಬ್ಬೆರಳ ಬುಡದಲ್ಲಿ. ಇದು ಹೇಗಾಯಿತೆಂದು ಒಬ್ಬಾಕೆಯನ್ನು ಕೇಳಿದಳು. "ನೀವು ಕೊಟ್ಟ ಶೂ ಕಣಮ್ಮ. ಈಗ ಅದ್ರಲ್ಲಿ ಬೆಕ್ಕು ಮಲಗತ್ತೆ," ಎಂದಳು ಆಕೆ. ನರ್ಸು ಕೀವು ತೊಳೆದು, ಸರ್ಜನ್‌ಗೆ ಫೋನು ಮಾಡಿ ಬಂದು, ಹೆಬ್ಬೆರಳು ಉಳಿಯುವುದಿಲ್ಲ, ಪಾದ ಉಳಿಸುವ ಯೋಚನೆ ಮಾಡೋಣ, ನಾಳೆ ಬೆಳಿಗ್ಗೆ ಮತ್ತೆ ಕರೆತನ್ನಿ ಎಂದಳು. ಯಾವ ಶೂ ಎಂದು ನೋಡಬೇಕು, ತನ್ನಿ ಎಂದೂ ಹೇಳಿದಳು.

"ಬೆರಳು ಹೋದ್ರೆ ಹೋಗ್ಲಿ," ಎಂದ ಮಾವ. "ಉಗುರು ಕತ್ತರಿಸೋ ಕೆಲಸ ಒಂದು ಕಡಿಮೆ."

ಅವಳು ತನ್ನ ಕೋಣೆಗೆ ಬಂದು ಆ ನಂಬರನ್ನು ಹುಡುಕಿದಳು. ಕೆಂಪು ಗುಂಪು. ಹೊಸ ಶೂ.

ಶುಕ್ರವಾರ ಬೆಳಿಗ್ಗೆ ಲೆಕ್ಕದ ಕೋಣೆ ಗುರುತೇ ಸಿಗುತ್ತಿರಲಿಲ್ಲ. ದೊಡ್ಡ ಪರದೆ ಇದ್ದದ್ದು ಅಲ್ಲೊಂದೇ ಆದ್ದರಿಂದ ಸಭೆಯೂ ಅಲ್ಲೇ. ಹತ್ತು ಕುರ್ಚಿ, ಬಿಳಿ ಹೊದಿಕೆ ಹಾಸಿದ ಮೇಜು, ಗಾಜಿನ ತಟ್ಟೆಯಲ್ಲಿ ವೃತ್ತವಾಗಿ ಜೋಡಿಸಿದ ಕ್ರೀಮ್ ಬಿಸ್ಕತ್ತು. ಯಾರೋ ಸುಗಂಧದ ಡಬ್ಬಿ ಒತ್ತಿ ಒತ್ತಿ ಸಿಂಪಡಿಸಿದ್ದರು. ಅವಳಿಗೆ ಮಾವನ ಕಲೋನು ನೆನಪಾಯಿತು. ಮಾವನನ್ನು ಆಚೆ ಬಾಗಿಲಿನಿಂದ ನರ್ಸಿನ ಹತ್ತಿರ ಕೂರಿಸಿ ಬಂದಿದ್ದಳು. ನರ್ಸು ನೋಡಿ ಮುಗಿಸಿದ ಎಡಗಾಲಿನ ಶೂ ಚೀಲದಲ್ಲಿ ಅವಳ ಮೇಜಿನ ಕೆಳಗಿತ್ತು.

"ಸಾರ್, ನಾನು ಆ ಚಿತ್ರಕ್ಕೆ ತಲೆ ಆಡಿಸೋದಿಲ್ಲ," ಎಂದಳು ಡಾಕ್ಟರಿಗೆ, ಇಲಾಖೆಯವರು ಬರುವ ಮುಂಚೆ.

"ಏನಾಯ್ತು ಈಗ?"

"ಬಿಟ್ಟುಹೋದೋರಲ್ಲಿ ಒಬ್ಬರು ನಮ್ಮನೇಲೇ ಇದಾರೆ. ನಮ್ಮ ಸೋದರಮಾವ. ಆಸಕ್ತಿ ಇಲ್ಲ ಅಂದೋರು. ಹೆಬ್ಬೆರಳು ಹೋಗತ್ತೆ."

ಡಾಕ್ಟರು ಬಿಡಿಸಿದ್ದ ಬಿಸ್ಕತ್ತನ್ನು ಬಾಯಿಗಿಡದೆ ತಟ್ಟೆಗೆ ಇಟ್ಟರು. ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಅವಳ ಭುಜ ತಟ್ಟಿದರು. "ಛೆ ಛೆ. ಒಳ್ಳೇ ಸರ್ಜನ್ನಿಗೇ ಹೇಳ್ತೀನಿ, ನೀವು ಚಿಂತೆ ಮಾಡ್ಬೇಡಿ. ಆದ್ರೆ ಮನೆ ವಿಷಯ ಬೇರೆ, ವಿಜ್ಞಾನ ಬೇರೆ. ಒಬ್ಬರ ಕಾಲು ಹಿಡ್ಕೊಂಡು ಲೆಕ್ಕ ಮಾಡೋಕಾಗಲ್ಲ ಅಂತ ನಮಗೆ ಕಲಿಸ್ದೋರೇ ನೀವು." ತಟ್ಟಿದ ಕೈಯನ್ನು ಭುಜದ ಮೇಲೆಯೇ ಬಿಟ್ಟರು. ಅವಳು ಭುಜ ಕೊಡವಿ ಪಕ್ಕಕ್ಕೆ ಸರಿದಳು.

ಇಲಾಖೆಯವರು ಬಂದರು. ಮುಂದಿನ ಸಾಲಿನಲ್ಲಿ ಕೂತ ಹಿರಿಯ ಅಧಿಕಾರಿಣಿ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಗಮನವಿಟ್ಟು ನೋಡುವವರಂತೆ ಕಂಡರು. ಡಾಕ್ಟರು ಸೊಗಸಾಗಿ ಮಾತಾಡಿದರು. ಪ್ರಯೋಗಶಾಲೆಯಿಂದ ಬೀದಿಗೆ, ಬೀದಿಯಿಂದ ಬಡವರ ಪಾದಕ್ಕೆ ಎಂದೆಲ್ಲ ಬೆಣ್ಣೆಯಲ್ಲಿ ಕೂದಲೆಳೆದಂತೆ ಹೇಳಿದರು. ಕೊನೆಗೆ ಪರದೆಯ ಮೇಲೆ ಆ ಚಿತ್ರ ಬಂತು. ನೆಲಕ್ಕೆ ಅಂಟಿದ ಮಟ್ಟಸ ಗೆರೆ. ಕೂತವರಲ್ಲಿ ಒಬ್ಬಿಬ್ಬರು "ಆಹಾ" ಎಂದರು.

"ಶೂ ತಗೊಂಡೋರೆಲ್ಲ ಈ ಚಿತ್ರದಲ್ಲಿ ಇದಾರಾ?" ಎಂದು ಅಧಿಕಾರಿಣಿ ಕೇಳಿದರು.

"ತೊಟ್ಟೋರೆಲ್ಲ ಇದಾರೆ," ಎಂದರು ಡಾಕ್ಟರು. "ಬೇಕಾದ್ರೆ ನಮ್ಮ ಲೆಕ್ಕದಮ್ಮನ್ನೇ ಕೇಳಿ." ಅವಳ ಕಡೆ ತಿರುಗಿ, ಹೀಗೆ ಆಡಿಸು ಎಂಬಂತೆ ತಾವೇ ತಲೆ ಆಡಿಸಿ ತೋರಿಸಿದರು.

ಎಲ್ಲರೂ ಅವಳ ಕಡೆ ನೋಡಿದರು. ಗೋಡೆಯಾಚೆ ಬೇಸಿನ್ನಿಗೆ ನೀರು ಸುರಿದ ಸದ್ದು ಕೇಳಿಸಿತು. ಮಾವ ಏನೋ ತಮಾಷೆ ಮಾಡಿದನೆಂದು ಕಾಣುತ್ತದೆ, ನರ್ಸು ನಕ್ಕಳು.

"ಇಲ್ಲ ಮೇಡಂ," ಎಂದಳು ಲೆಕ್ಕದಮ್ಮ. ಡಾಕ್ಟರ ಕಡೆ ನೋಡದೆ ಮತ್ತೊಮ್ಮೆ ಹೇಳಿದಳು. "ಇಲ್ಲ. ಈ ಶೂನಿಂದ ಹುಣ್ಣಾದೋರು ಶೂ ಬಿಟ್ರು. ಬಿಟ್ಟೋರನ್ನ ನಾವು ತೆಗೆದುಹಾಕಿದ್ವಿ. ತೆಗೆದಿದ್ದು ನಾನೇ. ಅದಕ್ಕೇ ಗೆರೆ ಅಷ್ಟು ಮಟ್ಟಸವಾಗಿದೆ. ಎಲ್ಲರನ್ನೂ ಎಣಿಸಿದ ಚಿತ್ರ ಬೇರೆ ಇದೆ. ಅದರಲ್ಲಿ ಹೊಸ ಶೂನೇ ಕೆಟ್ಟದ್ದು."

"ಅದೊಂದು ಕಚ್ಚಾ ಲೆಕ್ಕ," ಎಂದು ಡಾಕ್ಟರು ಗಡಿಬಿಡಿಯಿಂದ ನಕ್ಕರು. "ಮೇಡಂಗೆ ಮನೆಯಲ್ಲಿ ಸ್ವಲ್ಪ ತೊಂದರೆ..."

ಅಷ್ಟರಲ್ಲಿ ವಾರ್ಡಿನ ಆಯಾ ಒಬ್ಬಳು ಬಕೆಟ್ಟು ಹಿಡಿದು, ಎಂದಿನ ಅಭ್ಯಾಸದಂತೆ ನಡುವಿನ ಬಾಗಿಲು ತಳ್ಳಿಕೊಂಡು ಈಚೆ ಬಂದವಳು, ಇಷ್ಟು ಜನರನ್ನು ಕಂಡು ಗಾಬರಿಯಾಗಿ ಬಾಗಿಲನ್ನು ಬೆನ್ನಿನಲ್ಲಿ ಆನಿಸಿಕೊಂಡು ನಿಂತುಬಿಟ್ಟಳು. ಸಿಂಪಡಿಸಿದ ಸುಗಂಧವನ್ನೆಲ್ಲ ಹಿಂದೆ ತಳ್ಳಿ ವಾಸನೆ ನುಗ್ಗಿ ಬಂತು. ಮುಂದಿನ ಸಾಲಿನವರು ಕರವಸ್ತ್ರ ತೆಗೆದರು.

"ಬಾಗಿಲು ಹಾಕಿ!" ಎಂದರು ಡಾಕ್ಟರು. "ಮೇಡಂ, ಆ ಬಾಗಿಲು ಹಾಕಿ ಮೊದಲು."

ಲೆಕ್ಕದಮ್ಮ ಎದ್ದು ಹೋದಳು. ಆಯಾ ಸರಿದು ದಾರಿ ಬಿಟ್ಟಳು. ಒಳಗೆ ಮಾವ ಸ್ಟೂಲಿನ ಮೇಲೆ ಕೂತಿದ್ದ, ಕಾಲು ಬೇಸಿನ್ನಿನ ಅಂಚಿಗೆ ಆನಿಸಿ. ಇಷ್ಟು ದೊಡ್ಡವರೆಲ್ಲ ತನ್ನ ಕಡೆ ನೋಡುತ್ತಿರುವುದನ್ನು ಕಂಡು ತಲೆ ಸವರಿಕೊಂಡು, ಮಡಿಲಲ್ಲಿದ್ದ ಟವೆಲನ್ನು ಮೆಲ್ಲಗೆ ಪಾದದ ಮೇಲೆ ಜಾರಿಸಿದ.

"ಬಾಗಿಲು ಹಾಕ್ಕೊಳಮ್ಮ," ಎಂದ ಪಿಸುದನಿಯಲ್ಲಿ. "ದೊಡ್ಡೋರು ಕೂತಿದಾರೆ."

"ಇರ್ಲಿ ಮಾವ. ನೀನೂ ಲೆಕ್ಕದಲ್ಲಿ ಇರ್ಬೇಕು. ಬಾಗಿಲು ಹಾಗೇ ಇರ್ಲಾ?"

ಮಾವ ಅವಳ ಮುಖವನ್ನೇ ನೋಡಿದ. ಕನ್ನಡಿಯಲ್ಲಿ ಗಿರಾಕಿಯ ಮುಖ ನೋಡುವಂತೆ, ತಲೆಯನ್ನು ಒಂದಿಷ್ಟು ವಾಲಿಸಿ ನೋಡಿದ. ಆಮೇಲೆ ಟವೆಲನ್ನು ತೆಗೆದು ಮಡಿಸಿ ಹೆಗಲಿಗೆ ಹಾಕಿಕೊಂಡ, ಅಂಗಡಿಯಲ್ಲಿ ಹಾಕಿಕೊಳ್ಳುತ್ತಿದ್ದ ಹಾಗೆ.

ಅವಳು ತನ್ನ ಮೇಜಿನ ಕೆಳಗಿನ ಚೀಲದಿಂದ ಶೂ ತೆಗೆದಳು. ಒಳಗೆ ಕಂದುಗಟ್ಟಿದ ಕಲೆಯಿತ್ತು. ಬಾಗಿಲನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಮುಚ್ಚಿಕೊಳ್ಳದಂತೆ ಶೂವನ್ನು ಅದರ ಬುಡಕ್ಕೆ ಒತ್ತಿ ಇಟ್ಟಳು. ಸ್ಪ್ರಿಂಗ್ ಕಿರುಗುಟ್ಟಿತು, ಶೂ ಕೊಂಚ ಜಾರಿ, ನಿಂತಿತು. ಅವಳು ಪರದೆಯ ಹತ್ತಿರ ಬಂದು ಎಲ್ಲರನ್ನೂ ಎಣಿಸಿದ್ದ ಮೊದಲಿನ ಚಿತ್ರ ಹಾಕಿದಳು. ಕೆಂಪು ಗೆರೆ ಏರುತ್ತ ಹೋಗಿತ್ತು.

ಒಳಗೆ ನರ್ಸು ಮತ್ತೆ ನೀರು ಹನಿಸತೊಡಗಿದಳು. ಅಧಿಕಾರಿಣಿ ಮೂಗಿನಿಂದ ಕರವಸ್ತ್ರ ತೆಗೆಯದೆಯೇ ಕನ್ನಡಕ ಸರಿಮಾಡಿಕೊಂಡು, ಒಮ್ಮೆ ಗೆರೆಯ ಕಡೆಗೂ ಒಮ್ಮೆ ಬಾಗಿಲ ಕಡೆಗೂ ನೋಡುತ್ತಿದ್ದರು. ತೆರೆದ ಬಾಗಿಲಿನಿಂದ ಒಂದು ನೊಣ ಬಂತು. ಮೇಜಿನ ಮೇಲೆ ಎರಡು ಸುತ್ತು ಹಾಕಿ, ಗಾಜಿನ ತಟ್ಟೆಯ ಅಂಚಿನಲ್ಲಿ ನಡೆದು, ಡಾಕ್ಟರು ಆಗಲೇ ಬಿಡಿಸಿಟ್ಟಿದ್ದ ಬಿಸ್ಕತ್ತಿನ ಕ್ರೀಮಿನ ಮೇಲೆ ಕೂತು, ಮುಂಗಾಲುಗಳನ್ನು ಉಜ್ಜಿಕೊಳ್ಳತೊಡಗಿತು.